ಫೈಲಕಾ ದ್ವೀಪದ ಹೆಂಗಸರ ಕಿಟಕಿ

ಗಲ್ಫಿನ ಸಾಲ್ಮಿಯಾದ ದಕ್ಕೆಯಿಂದ ಫೈಲಕಾ ದ್ವೀಪಕ್ಕೆ ದೋಣಿ ಹೊರಟಾಗ ಒಂಬತ್ತು ಗಂಟೆ ದಾಟಿತ್ತು. ಫೆಬ್ರವರಿ ತಿಂಗಳ ಶುಕ್ರವಾರ. ನನ್ನ ದಿನಚರಿಯಲ್ಲಿ 'ವಿಪರೀತ ಗಾಳಿ' ಎಂದು ಬರೆದುಕೊಂಡಿದ್ದೇನೆ. ಆದರೆ ಅದೇ ಹೊತ್ತಿಗೆ ತೆಗೆದ ಫೋಟೊದಲ್ಲಿ ನನ್ನ ದುಪಟ್ಟಾ ಒಂಚೂರೂ ಹಾರುತ್ತಿಲ್ಲ. ಹಾಗಾಗಿ ಗಾಳಿಯ ವಿಷಯ ಖಚಿತವಾಗಿ ಹೇಳಲಾರೆ. ಚಳಿಯಂತೂ ಇತ್ತು. ನನ್ನ ಗಂಡ ಪ್ರಕಾಶ ರಿಫೈನರಿಯ ಕಂಪನಿ ಜಾಕೆಟ್ಟನ್ನು ಕತ್ತಿನವರೆಗೆ ಎಳೆದುಕೊಂಡು ಕೂತಿದ್ದ. ಹೋಗಿಬರಲು, ಮಧ್ಯಾಹ್ನದ ಊಟ ಸೇರಿ, ತಲೆಗೆ ಹತ್ತು ದಿನಾರ್. ದೂರ ಇಪ್ಪತ್ತು ಕಿಲೋಮೀಟರು.

ನಮ್ಮ ಜೊತೆಗಿದ್ದವರು ವಲೇರಿಯನ್ ಅಂಕಲ್ ಮತ್ತು ಐರಿನ್ ಆಂಟಿ. ಮಂಗಫ್‌ನ ಒಂದೇ ಕಟ್ಟಡದಲ್ಲಿ ನಮ್ಮದು ಎರಡನೇ ಮಹಡಿ, ಅವರದು ಮೂರನೆಯದು. ನಾವು ಧಾರವಾಡದವರು, ಅವರು ಮಂಗಳೂರು ಕಡೆಯ ಕ್ರೈಸ್ತರು, ಮನೆಮಾತು ಕೊಂಕಣಿ. ನಮ್ಮೆದುರು ಕನ್ನಡದಲ್ಲೇ ಜಗಳವಾಡುತ್ತಾರೆ. ಮಾತು ಕೊಂಕಣಿಗೆ ಹೊರಳಿತೆಂದರೆ ವಿಷಯ ಗಂಭೀರ ಎಂದು ನಾವು ಏಳು ವರ್ಷಗಳಲ್ಲಿ ಕಲಿತಿದ್ದೇವೆ. ಅಂಕಲ್ ಬ್ಯಾಂಕಿನಲ್ಲಿ, ಆಂಟಿ ಆಸ್ಪತ್ರೆಯಲ್ಲಿ ದುಡಿದು ಇಬ್ಬರೂ ನಿವೃತ್ತರಾಗಿದ್ದರು. ಮುಂದಿನ ವಾರ ಇಲ್ಲಿನ ವಾಸದ ಪರವಾನಗಿ ಇಕಾಮಾವನ್ನು ರದ್ದು ಮಾಡಿಸಿ ಶಾಶ್ವತವಾಗಿ ಊರಿಗೆ ಹೊರಡುವವರು. ಹೋಗುವ ಮೊದಲು ಫೈಲಕಾ ನೋಡಬೇಕೆಂಬುದು ಇಬ್ಬರ ಹಟ. ಮದುವೆಗೆ ಮೊದಲು ಇಬ್ಬರೂ ಆ ದ್ವೀಪದಲ್ಲೇ ನೌಕರಿಗಿದ್ದರು. ತೊಂಬತ್ತರಲ್ಲಿ ಇರಾಕಿ ಸೈನ್ಯ ಇಲ್ಲಿಗೆ ನುಗ್ಗಿದ ಆಗಸ್ಟ್‌ನಲ್ಲಿ ರಜೆಗೆ ಊರಿಗೆ ಹೋಗಿದ್ದರಿಂದ ಪಾರಾದರು. ಮರಳಿ ಬರುವಷ್ಟರಲ್ಲಿ ದ್ವೀಪ ಖಾಲಿಯಾಗಿತ್ತು. ಮೊದಲು ನೆಲಬಾಂಬಿನ ಭಯ, ಆಮೇಲೆ ನಾಳೆ ನೋಡೋಣವೆಂಬ ಉದಾಸೀನ. ಹೀಗೆ ಒಮ್ಮೆಯೂ ಹೋಗಿರಲಿಲ್ಲ.

ಹಟಕ್ಕೆ ಇನ್ನೊಂದು ಕಾರಣವಿತ್ತು. ಪ್ರತಿ ಕ್ರಿಸ್ಮಸ್ಸಿಗೆ ಅಂಕಲ್ ಹೇಳುವ ಕತೆ ನಮ್ಮ ಕಟ್ಟಡಕ್ಕೆಲ್ಲ ಬಾಯಿಪಾಠ. ದ್ವೀಪದ ಶಾಖೆಗೆ ಹೊಸ ನರ್ಸೊಬ್ಬಳು ಖಾತೆ ತೆರೆಯಲು ಬಂದಳು, ನೀಲಿ ಸೀರೆ ಉಟ್ಟಿದ್ದಳು, ಸಹಿಯನ್ನು ಕನ್ನಡದಲ್ಲಿ ಹಾಕಿದಳು. ಈಜಿಪ್ಟಿನ ಮ್ಯಾನೇಜರು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ "ಇದೇನು, ಹೂವಿನ ಚಿತ್ರವೇ?" ಎಂದು ಕೇಳಿದ. "ಅಲ್ಲ ಸಾರ್, ಅವಳ ಹೆಸರು, ನಮ್ಮ ಊರಿನ ಅಕ್ಷರದಲ್ಲಿ" ಎಂದು ಅಂಕಲ್ ಹೇಳಿದರು. ಸಹಿ ಹಾಕುತ್ತಿದ್ದವಳನ್ನು ಕಂಡ ಕೂಡಲೇ ಮನಸ್ಸು ನಿಶ್ಚಯವಾಯಿತು ಎಂಬಲ್ಲಿಗೆ ಕತೆ ಮುಗಿಯುತ್ತಿತ್ತು.

ಈ ಸಲದ ಕ್ರಿಸ್ಮಸ್ಸಿನಲ್ಲಿ ಆಂಟಿ ಕೇಕ್ ಕೊಯ್ಯುತ್ತಲೇ ಕೇಳಿದ್ದರು: "ಎಲ್ಲಿಂದ ಕಂಡದ್ದು ನಿಮಗೆ? ಹೆಂಗಸರದ್ದು ಬೇರೆಯೇ ಕೋಣೆ, ಬೇರೆಯೇ ಬಾಗಿಲು. ಕಿಟಕಿಯಲ್ಲಿ ಇದ್ದದ್ದು ಪಾಲೆಸ್ತೀನಿ ಹೆಂಗಸು. ಮಧ್ಯ ಇಷ್ಟು ದಪ್ಪ ಗೋಡೆ. ನೀಲಿ ಸೀರೆ ಅಂದ್ರೆ ಮರಿಯಮ್ಮ, ಕೇರಳದವಳು, ನನ್ನ ಜೊತೆ ಇದ್ದ ನರ್ಸು. ನನ್ನ ಹತ್ರ ನೀಲಿ ಸೀರೆಯೇ ಇರ್ಲಿಲ್ಲ." ಎಲ್ಲರೂ ನಕ್ಕೆವು. "ಕಂಡದ್ದು ಹೌದು," ಎಂದಷ್ಟೇ ಹೇಳಿ ಅಂಕಲ್ ಕೇಕಿಗೆ ಕೈ ಹಾಕಿದರು. ಆಂಟಿ ನಗಲಿಲ್ಲ. ಬರುವ ಗುರುವಾರ ಇಬ್ಬರ ಬೀಳ್ಕೊಡುಗೆ ಸಮಾರಂಭ. ಅಲ್ಲಿ ಈ ಕತೆ ಕೇಳಿಯೇ ಕೇಳುತ್ತಾರೆ. ಇಷ್ಟು ವರ್ಷ ತನ್ನದೆಂದು ಕೇಳಿದ ಕತೆಯಲ್ಲಿ ನಿಂತಿದ್ದವಳು ಬೇರೊಬ್ಬಳಾದರೆ? ಅದು ಆಂಟಿಯ ಸಂಕಟ.

ದೋಣಿಯಲ್ಲಿ ಅಂಕಲ್ ದ್ವೀಪದ ದಿನಗಳನ್ನು ಹೇಳುತ್ತಲೇ ಇದ್ದರು. ಬ್ಯಾಂಕಿಗೆ ನಗದು ಬರುತ್ತಿದ್ದುದೂ ದೋಣಿಯಲ್ಲೇ. ಸಮುದ್ರ ಕೆಟ್ಟರೆ ಸಂಬಳದ ದಿನವೂ ಮುಂದಕ್ಕೆ. ಆಗ ಮೀನುಗಾರರು ಬಂದು ಬೆಂಚಿನ ಮೇಲೆ ಕೂತು ಚಹಾ ಕುಡಿದು, ಮ್ಯಾನೇಜರಿಗೇ ಸಮಾಧಾನ ಹೇಳಿ ಹೋಗುತ್ತಿದ್ದರಂತೆ. ಹೊರದೇಶದ ನೌಕರರು ಊರಿಗೆ ಕಳಿಸುವ ಹಣದ ಡ್ರಾಫ್ಟುಗಳನ್ನು ಬರೆಯುವುದು ಅಂಕಲ್ ಕೆಲಸ.

"ಅಂಕಲ್, ನೀವು ಬರೆದ ಡ್ರಾಫ್ಟು ಖರೇನ ಮುಟ್ಟತಿದ್ವೇನ್ರೀ?" ಎಂದ ಪ್ರಕಾಶ.

"ಮುಟ್ತಿತ್ತು ಮಾರಾಯ. ಮನೆಯವರ ಕಾಗದ ಬರುವವರೆಗೆ ದಿನಾ ಬಂದು ನನ್ನ ಮುಖ ನೋಡ್ತಿದ್ರು, ನಾನೇ ತಿಂದ ಹಾಗೆ!"

"ಮುಖ ಹಾಗೆಯೇ ಉಂಟಲ್ಲ," ಎಂದರು ಆಂಟಿ, ಸಮುದ್ರದ ಕಡೆ ನೋಡುತ್ತ.

ಸುಮಾರು ಒಂದೂವರೆ ಗಂಟೆಗೆ ದ್ವೀಪ ಮುಟ್ಟಿದೆವು. ದೂರದಿಂದ ಅದು ನೀರಿನ ಮೇಲೆ ಇಟ್ಟ ರೊಟ್ಟಿಯಷ್ಟು ಚಪ್ಪಟೆ. ಒಂಟೆಗಳು, ಸಣ್ಣ ಕೊಳ, ಪ್ರವಾಸಿಗರಿಗಾಗಿ ಸಿಂಗರಿಸಿದ ಹಳ್ಳಿಮನೆಗಳು. ಗ್ರೀಕರ ಗುಡಿಯ ಅವಶೇಷ ನೋಡಬೇಕೆಂದು ನನಗೆ ಆಸೆಯಿತ್ತು, ಎಂ.ಎ.ಯಲ್ಲಿ ಓದಿದ್ದು ಇತಿಹಾಸ. ಆದರೆ ಅಂಕಲ್ ಆಗಲೇ ವ್ಯಾನಿನ ಹೈದರಾಬಾದಿ ಡ್ರೈವರನ್ನು ಹಿಡಿದಿದ್ದರು.

"ಬ್ಯಾಂಕ್? ವೋ ಟೂಟಾ ಹುವಾ? ಚಲೋ ಭಾಯಿ. ಲೇಕಿನ್ ಡಾಂಬರ್ ರಸ್ತೆ ಬಿಟ್ಟು ಇಳೀಬೇಡಿ," ಎಂದು ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಹೇಳಿದ. ಅವನ ತಾಯಿಯ ತವರು ಬೀದರ್ ಅಂತೆ.

ದಾರಿಯ ಎರಡೂ ಬದಿಗೆ ಖಾಲಿ ಮನೆಗಳು. ಬಾಗಿಲಿಲ್ಲ, ಒಳಗೆ ಮರಳು. ಒಂದರ ಗೋಡೆಯ ಮೇಲೆ ಮಕ್ಕಳು ಬಿಡಿಸಿದ ಮೀನಿನ ಚಿತ್ರ ಇನ್ನೂ ಇತ್ತು. ಅಂಕಲ್ ಎಡಕ್ಕೆ ಬೇಕರಿ ಎಂದರು, ಆಂಟಿ ಬಲಕ್ಕೆ ಎಂದರು. ಎರಡೂ ಕಡೆ ಇದ್ದದ್ದು ಕಲ್ಲಿನ ರಾಶಿ.

ಬ್ಯಾಂಕು ರಸ್ತೆಗೆ ಹೊಂದಿಕೊಂಡೇ ನಿಂತಿತ್ತು. ಚಾವಣಿ ಗಟ್ಟಿಯಾಗಿತ್ತು; ಹೊರಗೋಡೆಯ ತುಂಬ ಗುಂಡಿನ ತೂತುಗಳು, ಅವುಗಳ ಮೂಲಕ ಬಿಸಿಲು ಒಳಗೆ ನಾಣ್ಯ ಚೆಲ್ಲಿದಂತೆ ಬಿದ್ದಿತ್ತು. ಅಂಕಲ್ ಮುಂದಿನ ಬಾಗಿಲಿಂದ ಹೋದರು. ಆಂಟಿ ಯಾರಿಗೂ ಕಾಯದೆ ಪಕ್ಕದ ಓಣಿಯ ಸಣ್ಣ ಬಾಗಿಲು ಹುಡುಕಿ ನುಗ್ಗಿದರು. ನಾನು ಅವರ ಹಿಂದೆ.

ಅದು ಹೆಂಗಸರ ಕೋಣೆ. ಗೋಡೆಗೆ ಅಂಟಿಸಿದ ಸಿಮೆಂಟಿನ ಕಟ್ಟೆ, ಎದುರಿಗೆ ಕೌಂಟರಿನ ಕಡೆ ತೆರೆಯುವ, ಚೌಕಟ್ಟು ಮಾತ್ರ ಉಳಿದ ಕಿಟಕಿ. ಗಂಡಸರ ಹಾಲಿಗೂ ಇದಕ್ಕೂ ನಡುವೆ ಗೋಡೆ, ಆಂಟಿ ಹೇಳಿದಷ್ಟೇ ದಪ್ಪ. ಅವರು ಅದನ್ನು ಅಂಗೈಯಿಂದ ಬಡಿದರು.

"ಉಂಟು. ನೋಡು, ಉಂಟು," ಎಂದರು. ಗೆದ್ದವರ ದನಿ ಅಲ್ಲ. ಆಮೇಲೆ ಗೋಡೆಯಾಚೆಗೆ ಕೂಗಿ ಕೊಂಕಣಿಯಲ್ಲಿ ಏನೋ ಹೇಳಿದರು. ಕಣ್ಣು ಒರೆಸಿಕೊಳ್ಳಲೆಂದೋ ಏನೋ ಬ್ಯಾಗಿನಲ್ಲಿ ತಡಕಾಡತೊಡಗಿದರು.

"ಕನ್ನಡಕ ಹುಡುಕ್ಬೇಡ ಐರಿನ್. ತಲೆ ಮೇಲೆ ಉಂಟು."

ಅಂಕಲ್ ದನಿ. ಆಂಟಿ ತಲೆ ಮುಟ್ಟಿಕೊಂಡರು. ಕನ್ನಡಕ ಅಲ್ಲೇ ಇತ್ತು.

"ನಿಮಗೆ ಹೇಗೆ ಗೊತ್ತು?"

"ಕಾಣ್ತದೆ."

ನಾನು ಕಿಟಕಿಯಲ್ಲಿ ತಲೆ ತೂರಿಸಿ ಬಲಕ್ಕೆ ನೋಡಿದರೆ, ಅಂಕಲ್ ನಾಲ್ಕು ಮಾರು ದೂರದಲ್ಲಿ, ಮುರಿದ ಕೌಂಟರಿನ ಹಿಂದೆ, ತಮ್ಮ ಹಳೆಯ ಜಾಗದಲ್ಲಿ ನಿಂತಿದ್ದರು. ಗೋಡೆ ಕೌಂಟರಿನವರೆಗೆ ಬಂದು ಅಲ್ಲೇ ಮುಗಿದಿತ್ತು. ಅದರ ಹಿಂದೆ ಸಿಬ್ಬಂದಿ ಕೂರುವ ಜಾಗ ಮಾತ್ರ ಒಂದೇ ಉದ್ದದ ಕೋಣೆ, ನಡುವೆ ತಡೆಯಿಲ್ಲ. ಹಣ ಕಟ್ಟಲು ಬಂದವರಿಗೆ ಬ್ಯಾಂಕು ಎರಡು; ಒಳಗೆ ಕೂತವರಿಗೆ ಒಂದೇ. ಗಿರಾಕಿಯಾಗಿ ಮಾತ್ರ ಬರುತ್ತಿದ್ದ ಆಂಟಿಗೆ ಇದು ಗೊತ್ತಾಗುವ ಸಂಭವವೇ ಇರಲಿಲ್ಲ. ಇದು ಎಲ್ಲರಿಗೂ ಗೊತ್ತಿದ್ದದ್ದೇ ಎಂದುಕೊಂಡ ಅಂಕಲ್ ಒಮ್ಮೆಯೂ ಹೇಳಿರಲಿಲ್ಲ.

"ಅಯ್ಯೋ ಪ್ರಾಣಿ! ಹಾಗಾದ್ರೆ ನಾನು ಬಂದಾಗಲೆಲ್ಲ ನೋಡ್ತಾ ಇದ್ರಾ?"

"ಮತ್ತೆ? ನಿನ್ನ ಡ್ರಾಫ್ಟು ಸುಮ್ಮನೆ ತಡ ಆಗ್ತಿತ್ತಾ?"

ಆಂಟಿ ನಗತೊಡಗಿದರು, ನಿಲ್ಲಿಸಲು ಆಗಲಿಲ್ಲ. ಹೊರಗಿನಿಂದ ಸುತ್ತಿ ಬಂದು, ಕೌಂಟರಿನ ಸಂದಿಯಲ್ಲಿ ನುಸುಳಿ, ಆ ಬದಿಗೆ ಮೊದಲ ಬಾರಿ ಕಾಲಿಟ್ಟರು. ಬಿದ್ದಿದ್ದ ಕಲ್ಲೊಂದರ ಮೇಲೆ ಠೀವಿಯಿಂದ ಕೂತರು. "ನೀವು ಹೋಗಿ, ಅಲ್ಲಿ ನಿಲ್ಲಿ" ಎಂದು ಗಂಡನನ್ನು ಹೆಂಗಸರ ಕಿಟಕಿಗೆ ಅಟ್ಟಿದರು.

"ಎಂತ ಬೇಕು?"

"ಖಾತೆ ತೆರಿಲಿಕ್ಕಿತ್ತು ಮೇಡಂ."

"ಕೆಲಸ ಕೊಟ್ಟ ಕಫೀಲ್ ಕಾಗದ ಕೊಟ್ಟಿದ್ದಾನಾ? ಇಲ್ವಾ? ಬುಕ್ರಾ, ಬುಕ್ರಾ. ನಾಳೆ ಬನ್ನಿ."

"ಮುಂದಿನ ವಾರ ನಾನು ಊರಿಗೆ ಹೋಗ್ತೇನೆ ಮೇಡಂ. ಒಬ್ಬಳು ನರ್ಸು ಜೊತೆಗಿದ್ದಾಳೆ."

ಆಂಟಿ ತಲೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡರು. "ಹಾಗಾದ್ರೆ ಇವತ್ತೇ ಮಾಡಿಕೊಡ್ತೇನೆ," ಎಂದರು.

ಹೊರಗೆ ವ್ಯಾನಿನ ಹಾರ್ನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

ಗ್ರೀಕರ ಗುಡಿ ನೋಡಲು ಹೊತ್ತು ಉಳಿಯಲಿಲ್ಲ. ಬೇಸರವೂ ಆಗಲಿಲ್ಲ. ದಕ್ಕೆಯ ಬಳಿ ತಣ್ಣಗಾದ ಮಚ್‌ಬೂಸ್ ಅನ್ನವನ್ನು ಆಂಟಿಯ ಮಾವಿನ ಉಪ್ಪಿನಕಾಯಿ ಹಚ್ಚಿ ತಿಂದೆವು. ನಾನು ಇತಿಹಾಸದವಳಲ್ಲವೆ, ಬಿಡಲಾರದೆ ಕೇಳಿದೆ: "ಆಂಟಿ, ಹಂಗಾದ್ರ ಸೀರಿ ನೀಲಿನೋ ಅಲ್ಲೋ?"

"ಯೂನಿಫಾರ್ಮು, ಬಿಳಿದು," ಎಂದರು ಆಂಟಿ.

"ನೀಲಿ," ಎಂದರು ಅಂಕಲ್.

ಎರಡನ್ನೂ ಬರೆದುಕೊಂಡಿದ್ದೇನೆ. ಯಾವುದನ್ನು ಹೊಡೆದುಹಾಕಬೇಕೆಂದು ಈಗಲೂ ತಿಳಿಯದು. ಮರಿಯಮ್ಮನನ್ನು ಕೇಳೋಣವೆಂದರೆ ಅವಳು ಎಲ್ಲಿದ್ದಾಳೋ.

ದೋಣಿ ತಿರುಗಿದಾಗ ದ್ವೀಪದ ಮೇಲೆ ಸಂಜೆಯ ಬಿಸಿಲಿತ್ತು. ಅಂಕಲ್ ಗುರುವಾರದ ಭಾಷಣಕ್ಕೆ ಈಗಲೇ ಗಂಟಲು ಸರಿಮಾಡಿಕೊಂಡು "ದ್ವೀಪದ ಶಾಖೆಗೆ ಹೊಸ ನರ್ಸೊಬ್ಬಳು..." ಎಂದು ಶುರು ಮಾಡಿದರು. ಆಂಟಿ ಅವರ ಮೊಣಕಾಲಿಗೆ ತಟ್ಟಿ ನಿಲ್ಲಿಸಿದರು.

"ಸುಮ್ಮನಿರಿ. ಗುರುವಾರ ನಾನು ಹೇಳುದು. ಈಗ ನನಗೆ ಎರಡೂ ಬದಿ ಗೊತ್ತುಂಟು."