ಬೆಳ್ಳಿ ನೆತ್ತಿಯ ವಾಲ್ವು

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ದಿನವಿಡೀ ಊರಿನವರ ಮಾತನ್ನೆಲ್ಲ ಒಬ್ಬರಿಂದೊಬ್ಬರಿಗೆ ಜೋಡಿಸುತ್ತಿದ್ದ ರುದ್ರಾಣಿಯ ಗಿಟಾರು ಮಾತ್ರ ಒಂಬತ್ತು ವರ್ಷಗಳಿಂದ ಯಾರ ಕಿವಿಗೂ ಸರಿಯಾಗಿ ಬಿದ್ದಿರಲಿಲ್ಲ. ತೊಡೆಯ ಮೇಲೆ ಅಡ್ಡ ಮಲಗಿಸಿ, ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುವ ಹವಾಯಿಯನ್ ಗಿಟಾರು ಅದು. ಚಾಮರಾಜಪೇಟೆಯ ವಾದ್ಯಗೋಷ್ಠಿಯಲ್ಲಿ ಅವಳದು ಹಿಂದಿನ ಸಾಲು, ಢೋಲಕ್ಕಿನ ಪಕ್ಕ, ಇಬ್ಬರಿಗೆ ಸೇರಿ ಒಂದೇ ಮೈಕು. ಎಪ್ಪತ್ತನಾಲ್ಕರ ರಾಮನವಮಿಗೆ ಚಪ್ಪರದ ಕಾರ್ಯದರ್ಶಿ ಶೀನಣ್ಣ ಅವಳೊಬ್ಬಳಿಗೇ ಅರ್ಧ ಗಂಟೆ ಕೊಟ್ಟರು.

"ಕೊನೇ ಸಾಲಿನವರ್ಗೂ ಕೇಳಿಸ್ಬೇಕು ತಾಯಿ. ಹೋದ್ವರ್ಷ ನಿಮ್ಮ ಕೈ ಆಡ್ತಿದ್ದಿದ್ದು ಕಾಣಿಸ್ತು, ಅಷ್ಟೇ. ಈ ಸಲಾನೂ ಹಂಗೇ ಆದ್ರೆ ಮುಂದಿನ ವರ್ಷ ಈ ಅರ್ಧ ಗಂಟೆ ಕ್ಲಾರಿಯೋನೆಟ್‌ನವ್ರಿಗೆ."

ಅದಕ್ಕೇ ಅವಳು ರೇಡಿಯೊ ರಿಪೇರಿಯ ದೊರೆಸ್ವಾಮಿಯವರ ಹತ್ತಿರ ಆಂಪ್ಲಿಫೈಯರ್ ಮಾಡಿಸಿದಳು. ತೇಗದ ಪೆಟ್ಟಿಗೆ, ಮುಂದೆ ಸ್ಪೀಕರು, ತೆರೆದ ಬೆನ್ನಿನೊಳಗೆ ಸಾಲಾಗಿ, ಬಲ್ಬಿನಂಥ ನಾಲ್ಕು ಗಾಜಿನ ವಾಲ್ವು. ಶನಿವಾರ ಬೆಳಿಗ್ಗೆ ಅದು ಮನೆಗೆ ಬಂತು. ಭಾನುವಾರ ಸಂಜೆ ಕಚೇರಿ.

ಸ್ವಿಚ್ಚು ಹಾಕಿದಳು. ಸದ್ದೇ ಇಲ್ಲ. ಸತ್ತೇ ಹೋಗಿದೆ ಎಂದುಕೊಂಡಳು. ಬಗ್ಗಿ ನೋಡುವಷ್ಟರಲ್ಲಿ ಸ್ಪೀಕರು ಡಬ್ಬೆಂದಿತು; ಗಾಜಿನೊಳಗೆ ಕೆಂಡ ಹೊತ್ತಿಕೊಂಡಿತು; ಕೆಂಡದ ಸುತ್ತ ನೀಲಿ ಬೆಳಕು ತೇಲಿತು. ಏನೋ ಸುಟ್ಟ ವಾಸನೆ. ರುದ್ರಾಣಿ ಪ್ಲಗ್ಗು ಕಿತ್ತು, ಸೆರಗಿನ ಮೇಲೂ ಗಮನವಿಲ್ಲದೆ ಅಂಗಡಿಗೆ ಓಡಿದಳು.

"ದೊರೆಸ್ವಾಮಿಯೋರೆ, ಅದರೊಳಗೆ ಬೆಂಕಿ ಬಿದ್ದಿದೆ."

"ಯಾವ ಬಣ್ಣ?" ಉಪ್ಪಿಟ್ಟಿನ ತಟ್ಟೆಯಿಂದ ಅವರು ಕಣ್ಣೆತ್ತಲಿಲ್ಲ.

"ಮೊದಲು ಕೆಂಪು. ಆಮೇಲೆ ನೀಲಿ."

"ಹಂಗಾದ್ರೆ ಚೆನ್ನಾಗಿದೆ ಬಿಡಿ."

"ಹಾಕಿದ ತಕ್ಷಣ ಸದ್ದೇ ಬರಲ್ಲ."

"ಒಲೆ ಮೇಲಿಟ್ಟ ತಕ್ಷಣ ಹಾಲು ಉಕ್ಕುತ್ತೇನಮ್ಮ? ಅರ್ಧ ನಿಮಿಷ ಕಾಯ್ಬೇಕು. ವಾಸನೆ ಹೊಸ ವಾರ್ನಿಷ್ಷಿಂದು, ನಾಲ್ಕು ದಿನ ಇರುತ್ತೆ. ಗುಂಯ್ ಅನ್ನುತ್ತೆ. ಬೆರಳಲ್ಲಿ ತಟ್ಟಿದ್ರೆ ಠಿಂಗ್ ಅನ್ನುತ್ತೆ. ಒಂದೊಂದ್ಸಲ ಆಕಾಶವಾಣೀನೂ ಹಿಡಿಯುತ್ತೆ, ತಂತಿ ಮೇಲೆ ಕೈ ಇಟ್ರೆ ನಿಂತೋಗುತ್ತೆ. ಎಲ್ಲಾ ಅದರ ಸ್ವಭಾವ."

ರುದ್ರಾಣಿ ಬಾಗಿಲಲ್ಲೇ ನಿಂತಳು. ಕೇಳಬೇಕಾದ್ದು ಇನ್ನೊಂದಿತ್ತು. "ಗಾಜಿನ ನೆತ್ತಿ ಮೇಲೆ ಕಪ್ಪಗೆ ಮಸಿ ಇದೆ. ಹಳೇ ವಾಲ್ವು ಹಾಕ್ಬಿಟ್ರಾ?"

ದೊರೆಸ್ವಾಮಿಯವರು ತಟ್ಟೆ ಕೆಳಗಿಟ್ಟರು. "ಮಸಿ ಅಲ್ಲಮ್ಮ, ಬೆಳ್ಳಿ ಥರದ ಲೇಪ. ಒಳಗೆ ಗಾಳಿ ಹೊಕ್ಕಿಲ್ಲ ಅನ್ನೋದಕ್ಕೆ ಗುರುತು. ಅದು ಬೆಳ್ಳಗಾದ ದಿನ ಬನ್ನಿ, ಇಬ್ರೂ ಕೂತು ಅಳೋಣ."

ಭಾನುವಾರ ಮಧ್ಯಾಹ್ನ ಅವಳು ಎರಡು ಗಂಟೆ ನುಡಿಸಿದಳು. ನೀಲಿ ಬೆಳಕಿಗೆ ಈಗ ಹೆದರಿಕೆಯಿರಲಿಲ್ಲ. ಪೆಟ್ಟಿಗೆಯನ್ನು ಹಾಗೇ ಉರಿಯಲು ಬಿಟ್ಟು ಸೀರೆ ಬದಲಿಸಲು ಕೋಣೆಗೆ ಹೋದಳು.

ಆ ಮನೆಯಲ್ಲಿ ಹೊಸದೇನೂ ವಿಭೂತಿಯಿಲ್ಲದೆ ಉಳಿಯುತ್ತಿರಲಿಲ್ಲ. ಹೊಲಿಗೆ ಮಿಷನ್ನಿಗೆ, ಸೈಕಲ್ಲಿಗೆ, ಪ್ರೆಶರ್ ಕುಕ್ಕರಿಗೆ ಕೂಡ ಅತ್ತೆ ಪಾರ್ವತಮ್ಮನವರ ಮೂರು ಬೆರಳಿನ ಗೆರೆ ಬಿದ್ದಿತ್ತು. ವಿಭೂತಿ ನೀರಿನ ಬಟ್ಟಲು ಹಿಡಿದು ಬಂದ ಅವರಿಗೆ ಮರದ ಪೆಟ್ಟಿಗೆ ಬರೀ ಮೈಯಂತೆ ಕಂಡಿತು. ಜೀವ ಇರುವುದು ಒಳಗಲ್ಲವೆ ಎಂದು ಹಿಂದಿನಿಂದ ಬಗ್ಗಿ, ಹೊಳೆಯುವ ಗಾಜಿಗೇ ತೊಯ್ದ ಬೆರಳಿಟ್ಟರು.

ಟಪ್ ಎಂದಿತು.

ರುದ್ರಾಣಿ ಅರ್ಧ ಸುತ್ತಿದ ಸೀರೆಯಲ್ಲೇ ಓಡಿ ಬಂದಳು. ವಾಲ್ವಿನ ಮೈಮೇಲೆ ಕೂದಲೆಳೆಯ ಬಿರುಕು. ಅವಳು ನೋಡುತ್ತಿದ್ದಂತೆಯೇ ನೆತ್ತಿಯ ಬೆಳ್ಳಿ ಮಾಸಿತು, ಹಾಲಾಯಿತು, ಕೊನೆಗೆ ಅತ್ತೆಯ ಹಣೆಯ ವಿಭೂತಿಯಷ್ಟೇ ಬೆಳ್ಳಗಾಯಿತು. ಹೆದರಿಸಿದ್ದೆಲ್ಲ ಸುಳ್ಳಾಗಿ, ಹೆದರದೆ ಮುಟ್ಟಿದ್ದೇ ಮುರಿದಿತ್ತು. ಪಾರ್ವತಮ್ಮನವರ ಮೂರು ಬೆರಳು ಸುಟ್ಟು ಗಾಳಿಯಲ್ಲೇ ನಿಂತಿದ್ದವು. ರುದ್ರಾಣಿ ಪ್ಲಗ್ಗು ಕಿತ್ತು, ಆ ಬೆರಳುಗಳಿಗೆ ತಣ್ಣೀರು ಹಾಕಿ, ದೊರೆಸ್ವಾಮಿಯವರನ್ನು ಕರೆತರಲು ಹೋದಳು.

ಅವರು ಬಂದು ಬಿರುಕುಬಿಟ್ಟ ವಾಲ್ವನ್ನು ಕಿತ್ತು ಬೆಳಕಿಗೆ ಹಿಡಿದರು. "ಎಲ್ಲಾ ಹೇಳಿದ್ದೆ. ಕಾದ ಗಾಜಿಗೆ ನೀರು ತಾಗಿಸ್ಬಾರ್ದು ಅನ್ನೋದೊಂದು ಹೇಳ್ಬೇಕು ಅಂತ ಹೊಳೀಲೇ ಇಲ್ಲ."

"ಇನ್ನೊಂದು ಸಿಗಲ್ವಾ?"

"ಭಾನುವಾರ ಎಸ್.ಪಿ. ರೋಡಿನ ರೇಡಿಯೊ ಅಂಗಡಿಗಳೆಲ್ಲ ಬಾಗಿಲು ಹಾಕಿರ್ತವೆ."

ಅವರ ಕಣ್ಣು ಗೋಡೆಯ ಗೂಡಿನ ಕಡೆ ಹೋಗಿ ಅವಸರದಲ್ಲಿ ಹಿಂದಿರುಗಿತು. ಅಲ್ಲಿ ಕಸೂತಿ ಬಟ್ಟೆ ಹೊದ್ದ ರೇಡಿಯೊ ಇತ್ತು. ಮಾವ ತಂದದ್ದು. ಅವರು ತೀರಿಕೊಂಡ ಮೇಲೆ ಪಾರ್ವತಮ್ಮನವರ ಬೆಳಗು ಅದರ ಗುಂಡಿ ತಿರುಗಿಸಿದ ಮೇಲೆಯೇ ಆಗುತ್ತಿತ್ತು.

ಆ ನೋಟವನ್ನು ಕಂಡವರು ಪಾರ್ವತಮ್ಮನವರೇ. ಎದ್ದು ಕಸೂತಿ ಬಟ್ಟೆ ತೆಗೆದರು. "ಇದರಲ್ಲಿ ಇದೆಯೇನಪ್ಪ, ಅಂಥದ್ದು?"

"ಅದೇ ನಂಬರಿಂದು ಇದೆ. ತೆಗೆದ್ರೆ ಇದು ಮೂಕಾಗುತ್ತೆ."

"ಅತ್ತೆ, ಬೇಡ," ಎಂದಳು ರುದ್ರಾಣಿ.

"ಸುಮ್ನಿರೇ. ಕೈ ಇಟ್ಟಿದ್ದು ನಾನು. ತೆಗೀರಿ ಸ್ವಾಮಿ."

ಸಂಜೆ ಚಪ್ಪರ ತುಂಬಿತ್ತು. ಅತ್ತೆ ಮುಂದಿನ ಸಾಲಿನಲ್ಲಿ, ಬಟ್ಟೆ ಸುತ್ತಿದ ಬೆರಳುಗಳನ್ನು ಮಡಿಲಲ್ಲಿಟ್ಟು ಕೂತಿದ್ದರು. ರುದ್ರಾಣಿ ಸ್ವಿಚ್ಚು ಹಾಕಿದಳು. ನಿಶ್ಶಬ್ದ. ಯಾರೋ ಕೆಮ್ಮಿದರು. ಶೀನಣ್ಣ ಗಡಿಯಾರ ನೋಡಿಕೊಂಡು ಕ್ಲಾರಿಯೋನೆಟ್‌ನವರ ಕಡೆ ತಿರುಗಿದರು. ಅವಳು ಅರ್ಧ ನಿಮಿಷವನ್ನು ಉಸಿರುಸಿರಾಗಿ ಎಣಿಸಿದಳು.

ಡಬ್. ಆಮೇಲೆ ಗುಂಯ್ಗುಡುವ ಸದ್ದು. ಅದರೊಳಗಿಂದ, ಸಣ್ಣಗೆ, ಸ್ಪಷ್ಟವಾಗಿ, ಒಬ್ಬ ಗಂಡಸು ವಾರ್ತೆ ಓದತೊಡಗಿದ.

ಪಾರ್ವತಮ್ಮ ಕುರ್ಚಿಯಿಂದ ಅರ್ಧ ಎದ್ದರು. ಸುಟ್ಟ ಕೈ ಎದೆಗೆ ಹೋಗಿತ್ತು. "ರುದ್ರಾಣಿ," ಎಂದರು. "ನಮ್ಮನೆ ರೇಡಿಯೊ ಕಣೇ. ಅದಕ್ಕಿನ್ನೂ ಮಾತು ಹೋಗಿಲ್ಲ."

ವಾರ್ತೆ ಕೇಳಿ ಕೊನೆಯ ಸಾಲಿನವರು ಜೋರಾಗಿ ನಕ್ಕರು.

ಕೊನೆಯ ಸಾಲಿನವರು. ರುದ್ರಾಣಿ ತಲೆಯೆತ್ತಿ ಅಷ್ಟು ದೂರ ನೋಡಿದಳು. ಆಮೇಲೆ ತಂತಿಗಳ ಮೇಲೆ ಮೆಲ್ಲಗೆ ಅಂಗೈ ಇಟ್ಟಳು. ವಾರ್ತೆ ನಿಂತಿತು. ಉಕ್ಕಿನ ತುಂಡನ್ನು ಎತ್ತಿಕೊಂಡು ಮೊದಲ ಸ್ವರದ ಕಡೆ ಜಾರಿಸಿದಳು.