ತಾವರೆ ತೊಟ್ಟಿಯ ಪಾಚಿ

ಉಪ್ಪಾರಹಳ್ಳಿಯ ನಮ್ಮ ಮನೆಯ ಮುಂದೆ, ಗೇಟಿನ ಪಕ್ಕದಲ್ಲಿ, ಒಂದು ಸಿಮೆಂಟಿನ ತೊಟ್ಟಿ ಇದೆ. ನನ್ನ ಅಪ್ಪ ಕುಣಿಗಲ್ ಕೆರೆಯಿಂದ ತಾವರೆ ಗಡ್ಡೆಯೊಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಅದರಲ್ಲಿ ನೆಟ್ಟಿದ್ದರು. ಆಮೇಲೆ ಅಪ್ಪ ಹೋಗಿಬಿಟ್ಟರು. ತವರಿನಿಂದ ಬಂದ ಸೀರೆ, ಪಾತ್ರೆ ಎಲ್ಲ ಬೀರುವಿನಲ್ಲಿವೆ. ಅಪ್ಪನ ಕೈಯಿಂದ ಬಂದು ಜೀವಂತವಾಗಿ ಉಳಿದದ್ದು ಆ ತಾವರೆ ಒಂದೇ.

ಹೋದ ಬೇಸಿಗೆಯಲ್ಲಿ ಅದಕ್ಕೂ ಕಷ್ಟ ಬಂತು. ಬೋರ್‌ವೆಲ್ಲಿನ ಗಡಸು ನೀರಿಗೆ ತೊಟ್ಟಿಯ ಗೋಡೆಯ ಸುತ್ತ ಬಿಳಿ ಪೊರೆ ಕಟ್ಟಿತು, ಅದರ ಮೇಲೆ ದಪ್ಪಗೆ ಪಾಚಿ ಹಿಡಿಯಿತು. ಎಲೆಗಳು ಒಂದೊಂದಾಗಿ ಕೊಳೆತು ಹೋದವು. ಮನೆಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ ಟಾರ್ಚ್ ಬಿಟ್ಟು ನೋಡಿ, "ಅಕ್ಕಾ, ಸೊಳ್ಳೆ ಮರಿ ತುಂಬ್ಕೊಂಡಿದಾವೆ. ಕ್ಲೀನ್ ಮಾಡ್ಸಿ, ಇಲ್ಲಾಂದ್ರೆ ಮುಚ್ಸಿಬಿಡಿ" ಎಂದಳು.

ನನ್ನ ಗಂಡನಿಗೆ ಅಷ್ಟೇ ಬೇಕಿತ್ತು. ಹೊಸ ಕಾರು ರಸ್ತೆಯಲ್ಲಿ ಬಿಸಿಲಿಗೆ ನಿಂತಿರುವುದನ್ನು ಕಂಡರೆ ಅವರಿಗೆ ಅನ್ನ ಸೇರುವುದಿಲ್ಲ.

"ಭಾನುವಾರ ಮಣ್ಣು ತುಂಬ್ಸಿ ಟೈಲ್ಸ್ ಹಾಕಿಸ್ತೀನಿ, ಕಾರ್ ಒಳಗ್ ಬರುತ್ತೆ. ಆ ಗಡ್ಡೆ ಸತ್ತು ಯಾವ್ ಕಾಲ ಆಯ್ತೋ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಸತ್ತಿದೆ ಅಂತ ನೀವೇನ್ ಕೈ ಹಾಕಿ ನೋಡಿದೀರಾ?" ಎಂದು ರೇಗಿದೆ. ರೇಗಿದ ಮೇಲೆ ಹೆದರಿಕೆಯಾಯಿತು. ಹಾಗೆ ನೋಡಿದರೆ ನಾನೂ ಕೈ ಹಾಕಿ ನೋಡಿರಲಿಲ್ಲ.

ಶನಿವಾರ ಬೆಳಿಗ್ಗೆ ನೀರನ್ನೆಲ್ಲ ಮೊಗೆದು ಚೆಲ್ಲಿ ಬ್ರಷ್ ಹಿಡಿದು ಕೂತೆ. ಪಾಚಿಯೇನೋ ಬಂತು, ಬಿಳಿ ಪೊರೆ ಜಪ್ಪಯ್ಯ ಎಂದರೂ ಕದಲಲಿಲ್ಲ. ಅಂಗಡಿಯಿಂದ ಆಸಿಡ್ ತಂದೆ, ಗಡ್ಡೆಗೆ ತಾಗೀತೆಂದು ಮುಚ್ಚಳ ತೆಗೆಯಲು ಮನಸ್ಸು ಬರಲಿಲ್ಲ. ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದ ಅತ್ತೆ ಇದನ್ನೆಲ್ಲ ನೋಡುತ್ತಿದ್ದರು. ಗುಬ್ಬಿ ಕಡೆಯವರು, ಮಾತು ಕಡಿಮೆ. ಹೇಗಿದ್ದರೂ ಮಗನ ಪಕ್ಷವೇ ಎಂದುಕೊಂಡಿದ್ದೆ. ಅವರು ಎದ್ದು ಒಳಗೆ ಹೋಗಿ, ದೇವರ ದೀಪ ತಿಕ್ಕಿ ಬೆಳಗಲು ನೆನೆಹಾಕಿದ್ದ ಹುಣಸೆಹಣ್ಣನ್ನು ಬಟ್ಟಲ ಸಮೇತ ತಂದು, ಸೆರಗು ಸಿಕ್ಕಿಸಿ ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು.

"ಇದ್ನ ಹಚ್ಚಿ ನೋಡವ್ವ. ಹೋದ್ರೆ ಹೋಯ್ತು."

ಒಂದೇ ಸಲಕ್ಕೆ ಹೋಗಲಿಲ್ಲ. ಹಚ್ಚುವುದು, ನೆನೆಯಲು ಬಿಡುವುದು, ತೆಂಗಿನ ನಾರಿನಲ್ಲಿ ತಿಕ್ಕುವುದು, ಮತ್ತೆ ಹಚ್ಚುವುದು. ಇಬ್ಬರ ರಟ್ಟೆಯೂ ಬಿದ್ದುಹೋಯಿತು. ಮಧ್ಯಾಹ್ನದ ಹೊತ್ತಿಗೆ ಪೊರೆ ಚಕ್ಕೆಚಕ್ಕೆಯಾಗಿ ಏಳತೊಡಗಿತು.

ಉಳಿದದ್ದು ತಳದ ಕೆಸರು. ಒಂದು ಬಕೆಟ್ ಮೊಗೆದು ಮೋರಿಯ ಕಡೆ ಹೊರಟೆ.

"ಏಯ್, ನಿಲ್ಲವ್ವ! ಮೋರಿಗ್ ಸುರೀತೀಯಾ? ಅದು ನಮ್ ಗಣಪ ಕಣೇ!"

ಹೌದಲ್ಲ! ಪ್ರತಿ ಚೌತಿಗೂ ನಮ್ಮ ಮನೆಯ ಮಣ್ಣಿನ ಗಣಪನನ್ನು ಬಿಡುವುದು ಈ ತೊಟ್ಟಿಯಲ್ಲೇ. ತಳದಲ್ಲಿ ಕೂತಿದ್ದದ್ದು ಇಷ್ಟು ವರ್ಷಗಳ ಗಣಪ. ಕೂಗು ಕೇಳಿ ನನ್ನ ಗಂಡ ಹೊರಗೆ ಬಂದರು. ಅತ್ತೆ ಅವರ ಕಡೆ ತಿರುಗಿದರು.

"ನೀನೂ ಕೇಳ್ಲಾ. ವರ್ಷಾವರ್ಷ ಇಲ್ಲೇ ಬುಟ್ಟಿದೀವಿ. ಅವನ ನೆತ್ತಿ ಮ್ಯಾಲೆ ಕಾರ್ ನಿಲ್ಲಿಸ್ತೀಯೇನ್ಲಾ?"

ಕಾರಿನ ಸ್ಟೇರಿಂಗ್ ಮುಂದೆಯೇ ಪುಟ್ಟ ಗಣಪನನ್ನು ಅಂಟಿಸಿಕೊಂಡು ಓಡಾಡುವ ಮನುಷ್ಯ ಅವರು. ಪ್ಯಾಂಟು ಮಡಿಸಿಕೊಂಡು ಬಕೆಟ್ ಈಸಿಕೊಂಡರು.

ನಾನು ಕೆಸರಿಗೆ ಕೈ ಹಾಕಿದೆ. ಗಡ್ಡೆ ಸಿಕ್ಕಿತು. ಹಿಡಿದ ಕೂಡಲೇ ಕಪ್ಪಾಗಿ, ಲೊಳಲೊಳನೆ ಬೆರಳ ಸಂದಿಯಲ್ಲಿ ಜಾರಿತು. ಅಪ್ಪ ಇನ್ನೊಂದು ಸಲ ಹೋದರು ಅನ್ನಿಸಿ, ಗೇಟಿನ ಮುಂದೆಯೇ ಕೂತು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ನನ್ನತ್ತೆ ಮಾತ್ರ ಗಡ್ಡೆಯನ್ನು ತುದಿಯವರೆಗೂ ಒತ್ತಿ ನೋಡುತ್ತಾ ಹೋದರು.

"ಅಳೋದ್ ಆಮೇಲಾಗ್ಲಿ ಬುಡು. ಇಲ್ಲಿ ಗಟ್ಟಿ ಐತೆ, ಮುಟ್ಟು."

ನನ್ನ ಹೆಬ್ಬೆರಳನ್ನು ಹಿಡಿದು ಅಲ್ಲಿಗೆ ಒತ್ತಿಸಿದರು. ಒಂದು ಗೆಣ್ಣು ಗಟ್ಟಿಯಾಗಿತ್ತು.

ಕೊಳೆತದ್ದನ್ನು ಕತ್ತರಿಸಿ, ಆ ಗೆಣ್ಣನ್ನು ಹಳೆಯ ಬಾಂಡಲಿಯಲ್ಲಿ ಗಣಪನ ಮಣ್ಣಿನೊಳಗೇ ಊರಿ ತೊಟ್ಟಿಗೆ ಇಳಿಸಿದೆವು. ಆರೋಗ್ಯ ಕಾರ್ಯಕರ್ತೆ ಸೊಳ್ಳೆ ಮರಿ ತಿನ್ನುವ ಮೀನು ತಂದು ಬಿಟ್ಟಳು. ಪೂಜೆಯ ಹೂವನ್ನೆಲ್ಲ ತೊಟ್ಟಿಗೆ ಹಾಕುತ್ತಿದ್ದ ಅತ್ತೆ, ಯಾರೂ ಹೇಳದೆಯೇ, ಮಲ್ಲಿಗೆ ಬುಡಕ್ಕೆ ಹಾಕತೊಡಗಿದರು. ಪಾಚಿ ಈಗಲೂ ಬರುತ್ತದೆ, ನಾವಿಬ್ಬರೂ ಹರಟುತ್ತಾ ತಿಕ್ಕುತ್ತೇವೆ.

ಮಳೆ ಶುರುವಾದ ಮೇಲೆ ಒಂದು ಬೆಳಿಗ್ಗೆ, ಕಾರು ಒರೆಸಲು ಹೋಗಿದ್ದ ಗಂಡ ಗೇಟಿನಿಂದಲೇ ಕೂಗಿದರು, "ಬಾರೇ ಇಲ್ಲಿ, ಬೇಗ!"

ಓಡಿದೆ. ಸುರುಳಿ ಸುತ್ತಿದ ಎಳೆಯ ಎಲೆಯೊಂದು ನೀರಿನಿಂದ ತಲೆ ಎತ್ತಿತ್ತು. ಹಿಂದೆಯೇ ಬಂದ ಅತ್ತೆ ಬಗ್ಗಿ ನೋಡಿ, ಕೈ ಮುಗಿದು, ನನ್ನ ಬೆನ್ನು ತಟ್ಟಿದರು.

"ಬೀಗ್ರು ಬಂದವ್ರೆ ಕಣವ್ವ. ಹೋಗು, ಕಾಫಿಗಿಡು."

ನಾನು ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ಒಳಗೆ ಹೋಗಿ ಕಾಫಿಗಿಟ್ಟೆ.