ಆ ಕಡೆಯ ಗಾಲಿ

ದೊಡವಾಡದ ಶಟ್ಟೆಪ್ಪನಿಗೆ ಅರವತ್ತು ಹತ್ತಿರ ಬಂದಿತ್ತು. ಕೂತರೆ ಏಳಲು ಗೋಡೆ ಬೇಕು, ಎದ್ದರೆ ನಡೆಯಲು ಕೋಲು ಬೇಕು. ಎಡ ಭುಜ ಬಲ ಭುಜಕ್ಕಿಂತ ನಾಲ್ಕು ಬೆರಳು ಕೆಳಗೆ ಜೋತುಬಿದ್ದಿತ್ತು. ಇಂಥವನ ಮೇಲೆ ಒಂದು ಹಾಡಿತ್ತು. ಹಾಡಿನಲ್ಲಿ ಅವನು ಇನ್ನೂ ಇಪ್ಪತ್ತೆಂಟರ ಗಂಡು. ಮಲಪ್ರಭೆಯ ರಾಡಿಯಲ್ಲಿ ಹೂತುಹೋದ ಚಕ್ಕಡಿಯನ್ನು ಒಂದು ಚೀಲವನ್ನೂ ಇಳಿಸದೆ ಒಬ್ಬನೇ ಬೆನ್ನು ಕೊಟ್ಟು ಎತ್ತಿ ದಂಡೆಗೆ ತಂದವನು. ಸಾವಿರದ ಒಂಬೈನೂರ ಎಂಟು ಒಂಬತ್ತರ ಸುಮಾರಿಗೆ ಬೈಲಹೊಂಗಲದಿಂದ ಸವದತ್ತಿಯವರೆಗೆ ಆ ಹಾಡು ಕೇಳದ ಊರು ಇರಲಿಲ್ಲ.

ಹಾಡು ಕಟ್ಟಿದವನು ಅದೇ ಊರಿನ ಪರಸಪ್ಪ. ಡಪ್ಪು ಕೈಗೆ ಬಂತೆಂದರೆ ಅವನಿಗೆ ಮೈಮೇಲೆ ಎಚ್ಚರ ಇರುತ್ತಿರಲಿಲ್ಲ. ವರ್ಷ ಬಿಟ್ಟು ವರ್ಷ ಆ ಚಕ್ಕಡಿಗೆ ಒಂದೋ ಎರಡೋ ಚೀಲ ಹೆಚ್ಚಿಗೆ ಹೇರುತ್ತ ಬಂದಿದ್ದ. ಮೊದಲು ಹನ್ನೆರಡು ಇದ್ದದ್ದು ಈಗ ಮೂವತ್ತಕ್ಕೆ ಬಂದು ಮುಟ್ಟಿತ್ತು. ಇದನ್ನು ಸಹಿಸಲಾರದವರು ಒಬ್ಬರೇ, ಸಾಲಿ ಕಲಿಸುವ ತ್ರ್ಯಂಬಕ ಮಾಸ್ತರರು. ಧಾರವಾಡದಲ್ಲಿ ಕಲಿತು ಬಂದವರು. ಲೆಕ್ಕ ತಪ್ಪಿದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಸಂಜೆಯಾದರೆ ಗುಡಿಯ ಮುಂದಿನ ಕಟ್ಟೆಯ ಮೇಲೆ ಇಬ್ಬರಿಗೂ ವಾದ ಹತ್ತುತ್ತಿತ್ತು.

"ಚೀಲಕ್ಕ ಎಂಟು ಮಣ ಹಿಡೀರಿ," ಅನ್ನುತ್ತಿದ್ದರು ಮಾಸ್ತರರು, ಇದ್ದಿಲಿನಿಂದ ಕಟ್ಟೆಯ ಕಲ್ಲಿನ ಮೇಲೆ ಬರೆಯುತ್ತ. "ಮೂವತ್ತು ಚೀಲಕ್ಕ ಎರಡು ನೂರಾ ನಾಲ್ವತ್ತು ಮಣ ಆತು. ಮ್ಯಾಲೆ ಚಕ್ಕಡಿ ಭಾರ ಬ್ಯಾರೆ. ಅಷ್ಟು ಹೇರಿದ್ರ ಅಚ್ಚೇ ಮುರೀತದ. ಇನ್ನ ಮನುಷ್ಯಾನ ಬೆನ್ನೆಲುಬು ಹೆಂಗ ತಡೀಬೇಕು?"

"ನಿಮ್ಮ ಬೆನ್ನೆಲುಬು ತಡಿಯೂದಿಲ್ಲ ಅನ್ರಿ ಮಾಸ್ತರ್ರ, ನಾವೂ ಒಪ್ಪತೇವಿ. ಸಿಟ್ಟು ಬಂದ್ರ ಗಂಡಸಿಗೆ ಹತ್ತು ಪಟ್ಟು ಶಕ್ತಿ ಬರತೈತಿ."

"ಸಿಟ್ಟಿಗೂ ಒಂದು ಮಿತಿ ಅದನೋ ಇಲ್ಲೋ?"

"ಸಿಟ್ಟು ಎಷ್ಟು ಮಣ ಐತಿ, ನೀವ ತೂಗಿ ಹೇಳ್ರಿ."

ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಚಕ್ಕಡಿ ಎತ್ತಿದವನು ಅಲ್ಲೇ ಎರಡು ಮಾರು ದೂರದಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದ. ಅವನನ್ನೇ ಒಂದು ಮಾತು ಕೇಳಿದರಾಯಿತು ಎಂದು ಇಷ್ಟು ಜನರಲ್ಲಿ ಒಬ್ಬನ ತಲೆಗೂ ಹೊಳೆಯಲಿಲ್ಲ. ಒಮ್ಮೆ ತಾನಾಗಿಯೇ "ಎಂಟು ಚೀಲ ಇದ್ದೂ" ಅಂದಿದ್ದ. ಪರಸಪ್ಪ ಅವನ ಬೆನ್ನು ಸವರಿ, "ಶಟ್ಟೆಪ್ಪಣ್ಣ, ನಿನಗ ಅರವು ಮರವು ಹತ್ತೇತಿ, ಸುಮ್ಮನ ಕುಂದ್ರು," ಅಂದ. ಶಟ್ಟೆಪ್ಪ ಸುಮ್ಮನೆ ಕೂತ. ಸುಮ್ಮನೆ ಕೂರುವುದರಲ್ಲಿ ಅವನು ಪಳಗಿದ ಕೈ. ಮೂವತ್ತು ವರ್ಷದ ರೂಢಿ ಅದು.

ಎಂಟೋ ಮೂವತ್ತೋ, ಅದು ಅವನ ಎದೆ ಕೊರೆಯುವ ಸಂಗತಿಯಲ್ಲ. ಕೊರೆಯುತ್ತಿದ್ದದ್ದು ಬೇರೆ.

ಅವತ್ತು ಕಾರ್ತೀಕ ಮಾಸ. ನೆಲದೊಳಗಿನ ಹಗೆವಿನಿಂದ ತೆಗೆದ ಜೋಳ ಹೇರಿಕೊಂಡು ಬೈಲಹೊಂಗಲದ ಪೇಟೆಗೆ ಹೊರಟಿದ್ದ. ಚಕ್ಕಡಿಯಲ್ಲಿ ಹೆಂಡತಿ ರಾಯವ್ವನೂ ಇದ್ದಳು. ಮದುವೆಯಾಗಿ ಮೂರನೇ ವರ್ಷಕ್ಕೆ ಬಸುರಾಗಿ ಐದು ತಿಂಗಳಾಗಿತ್ತು. ದೃಷ್ಟಿ ತಾಕೀತೆಂದು ಅದನ್ನು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಹೊಳೆಯ ಆಚೆ ದಂಡೆಯ ಹಳ್ಳಿ ಅವಳ ತವರು. ಮರುದಿನ ಅಲ್ಲಿ ಕುಬಸ, ಬಸುರಿಗೆ ಉಡಿ ತುಂಬುವ ಶಾಸ್ತ್ರ. ತಾಯಿ ಹಸಿರು ಸೀರೆ, ಹಸಿರು ಬಳೆ ತಂದಿಟ್ಟುಕೊಂಡು ಮಗಳ ದಾರಿ ಕಾಯುತ್ತಿದ್ದಳು. ಹೆಂಡತಿಯನ್ನು ಅಲ್ಲಿ ಬಿಟ್ಟು ತಾನು ಪೇಟೆಗೆ ಹೋಗುವುದು ಎಂಬುದು ಶಟ್ಟೆಪ್ಪನ ಎಣಿಕೆ.

ಹೊಳೆಯಲ್ಲಿ ಮೊಣಕಾಲುದ್ದ ನೀರು. ಆಚೆ ದಂಡೆ ಇನ್ನು ಹತ್ತು ಮಾರು ಇದೆ ಅನ್ನುವಾಗ ಎರಡೂ ಗಾಲಿ ರಾಡಿಯಲ್ಲಿ ಕೂತವು. ಎತ್ತು ಮೊಣಕಾಲೂರಿದವು. ಶಟ್ಟೆಪ್ಪ ಹೆಂಡತಿಯನ್ನು ಇಳಿಸಿ ದಂಡೆಗೆ ಕಳಿಸಿದ. ಅಲ್ಲಿಯವರೆಗೆ ಅವನು ಒಳ್ಳೆಯ ಗಂಡನೇ. ಚೀಲ ಇಳಿಸಿ ಒಂದೊಂದಾಗಿ ಹೊತ್ತು ಹಾಕಬಹುದಿತ್ತು, ಆದರೆ ಹೊತ್ತು ಏರುತ್ತಿತ್ತು, ಪೇಟೆ ತಪ್ಪುತ್ತಿತ್ತು. ಎಡಗಡೆ ಅಚ್ಚಿನ ಕೆಳಗೆ ಬೆನ್ನು ಕೊಟ್ಟು ಎತ್ತಿದ. ಎಡ ಗಾಲಿ ಎದ್ದಿತು, ಬಲ ಗಾಲಿ ಇನ್ನಷ್ಟು ಕೂತಿತು. ಬಲಕ್ಕೆ ಹೋಗಿ ಎತ್ತಿದರೆ ಎಡ ಕೂತಿತು. ಮೂರು ಸಲ ಹೀಗೇ ಆಯಿತು. ಆಗ ಅವನ ಸಿಟ್ಟು ದಂಡೆಯ ಮೇಲೆ ನಿಂತವಳ ಕಡೆ ತಿರುಗಿತು.

"ನಿಂತು ನೋಡಾಕ ಹತ್ತೀ ಏನ? ಬಾ, ಆ ಕಡೆ ಗಾಲಿಗೆ ಹೆಗಲ ಹಚ್ಚು."

"ನನಗ ಐದರಾಗ ಐತ್ರಿ," ಅಂದಳು ರಾಯವ್ವ.

"ಐದರಾಗಿದ್ರ ಹೊಟ್ಟಿಗೆ ಐತಿ. ಹೆಗಲಿಗೇನಾಗೇತಿ?"

ಅವಳು ಕಚ್ಚೆ ಬಿಗಿದು ನೀರಿಗಿಳಿದು ಬಂದು ಬಲ ಗಾಲಿಗೆ ಹೆಗಲು ಕೊಟ್ಟಳು. ಇಬ್ಬರೂ ಒಮ್ಮೆಲೇ ಎತ್ತಿದರು, ಎತ್ತು ಎದ್ದವು, ಚಕ್ಕಡಿ ದಂಡೆ ಹತ್ತಿತು. ರಾಯವ್ವ ಹೊಟ್ಟೆ ಹಿಡಿದುಕೊಂಡು ಹೋಗಿ ಜಾಲಿ ಗಿಡದ ಮರೆಯಲ್ಲಿ ಕೂತಳು.

ಅಷ್ಟರಲ್ಲಿ ಹಿಂದಿನ ದಿನ ಪೇಟೆಗೆ ಹೋಗಿ ಊರಿಗೆ ಮರಳುತ್ತಿದ್ದ ಮಂದಿ ಬಂದರು. ಅವರಲ್ಲಿ ಇಪ್ಪತ್ತರ ಹರೆಯದ ಪರಸಪ್ಪನೂ ಇದ್ದ. ಹೊಳೆಯಲ್ಲಿ ಗಾಲಿಯ ಗುಂಡಿ, ದಂಡೆಯ ಮೇಲೆ ತುಂಬಿದ ಚಕ್ಕಡಿ, ಪಕ್ಕದಲ್ಲಿ ಮೈತುಂಬ ರಾಡಿ ಮೆತ್ತಿದ ಗಂಡಾಳು. ಪರಸಪ್ಪ ಬೆರಗಾಗಿ ಕೇಳಿದ: "ಶಟ್ಟೆಪ್ಪಣ್ಣ, ಒಬ್ಬನ ಎತ್ತಿದೇನ?"

"ಹೂಂ," ಅಂದ ಶಟ್ಟೆಪ್ಪ.

ಬಸುರಿ ಹೆಂಡತಿಯನ್ನು ಗಾಲಿಗೆ ಹಚ್ಚಿದೆ ಅನ್ನಲು ನಾಲಿಗೆ ಏಳಲಿಲ್ಲ, ಅದು ನಿಜ. ಒಬ್ಬನೇ ಎತ್ತಿದೆ ಅನ್ನಲು ಅದೇ ನಾಲಿಗೆ ಬಲು ಸಲೀಸಾಗಿ ಎದ್ದಿತು, ಅದೂ ನಿಜ. ಆ ಸಂಜೆ ತವರು ಮನೆಯಲ್ಲಿ ರಾಯವ್ವನ ಗರ್ಭ ಇಳಿದುಹೋಯಿತು. ಗಂಡು ಕೂಸು. ಅದನ್ನು ಅವಳ ತಾಯಿ ಅದೇ ಹಸಿರು ಸೀರೆಯ ಸೆರಗು ಹರಿದು ಸುತ್ತಿ, ಹೊಳೆಯ ದಂಡೆಯ ಜಾಲಿ ಗಿಡದ ಬುಡದಲ್ಲಿ ಹುಗಿದು ಬಂದಳು. ದೊಡವಾಡದಲ್ಲಿ ಯಾರಿಗೂ ಸುದ್ದಿ ಮುಟ್ಟಲಿಲ್ಲ. ಅಲ್ಲಿ ಮುಟ್ಟಿದ್ದು ಹಾಡು.

ಮುಂದೆ ರಾಯವ್ವನಿಗೆ ಬಸುರು ನಿಲ್ಲಲಿಲ್ಲ. ಊರ ಬಾಯಿಗೆ ಕೆಲಸ ಸಿಕ್ಕಿತು. ಚಕ್ಕಡಿ ಎತ್ತುವ ಗಂಡಸಿನಲ್ಲಿ ಕೊರತೆ ಇರಲು ಸಾಧ್ಯವೇ, ಕೊರತೆ ಇದ್ದರೆ ಹೆಣ್ಣಿನಲ್ಲೇ ಎಂದು ತೀರ್ಮಾನವಾಯಿತು. ಹಾಡಿನಲ್ಲಿ ಚೀಲ ಹೆಚ್ಚಿದ ಹಾಗೆ ಅವಳ ಕೊರತೆಯೂ ಹೆಚ್ಚುತ್ತ ಹೋಯಿತು. ಬಂಜೆ ಎಂದು ಊರಿನ ಯಾವ ಕುಬಸಕ್ಕೂ ಅವಳನ್ನು ಉಡಿ ತುಂಬಲು ಕರೆಯಲಿಲ್ಲ. ಶಟ್ಟೆಪ್ಪನಿಗೆ ಮಾತ್ರ ಕಾರಹುಣ್ಣಿಮೆಗೆ ಮೊದಲ ಎತ್ತು ಬಿಡುವ ಮಾನ, ಹಾಡಿಕೆ ಇದ್ದಲ್ಲಿ ಮುಂದಿನ ಸಾಲಿನ ಕಂಬಳಿ. ಅವನು ಅದರ ಮೇಲೆ ಕೂತ. ಹಾಡು ಬೀದಿಗೆ ಬಂದರೆ ರಾಯವ್ವ ಒಳಗೆ ಹೋಗಿ ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದಳು. ಬೀಸಲು ಕಾಳಿಲ್ಲದಿದ್ದರೂ ಕಲ್ಲು ತಿರುವುತ್ತಿದ್ದಳು.

ಒಂದೇ ಒಂದು ಸಲ ಅವಳು ಬಾಯಿಬಿಟ್ಟು ಕೇಳಿದ್ದಳು: "ಮಂದಿ ಮುಂದ ಒಂದು ಮಾತ ಹೇಳ್ರಿ, ನಾನೂ ಇದ್ನಿ ಅಂತ. ನಾ ಬಂಜಿ ಅಲ್ಲ ಅಂತ."

"ನಾಳಿಗೆ ಹೇಳತೇನಿ," ಅಂದಿದ್ದ ಶಟ್ಟೆಪ್ಪ. ಆ ನಾಳೆ ಬರುವಷ್ಟರಲ್ಲಿ ರಾಯವ್ವ ಜ್ವರ ಬಂದು ಸತ್ತಳು. ಸತ್ತು ಎರಡು ವರ್ಷವಾಗಿತ್ತು. ಬೀಸುವ ಕಲ್ಲು ಮೂಲೆಯಲ್ಲಿತ್ತು, ಶಟ್ಟೆಪ್ಪ ಅದಕ್ಕೆ ಬೆನ್ನು ಮಾಡಿ ಉಣ್ಣುತ್ತಿದ್ದ. ತಾನು ಸಾಯುವುದರೊಳಗೆ ಆ ಒಂದು ಮಾತು ಹೇಳಲೇಬೇಕು, ಇಲ್ಲವಾದರೆ ಅವಳು ಮಣ್ಣಿನಲ್ಲೂ ಬಂಜೆಯಾಗಿಯೇ ಉಳಿಯುತ್ತಾಳೆ ಎಂಬುದು ಅವನಿಗೆ ಹತ್ತಿದ ಚಿಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆ ಸಲ ಹೋಳಿಯ ಬಣ್ಣದ ಮರುದಿನ ಮಧ್ಯಾಹ್ನ ಬೇವಿನ ಮರದ ಕೆಳಗೆ ಸವಾಲ್ ಜವಾಬಿನ ಹಾಡಿಕೆ ಇಟ್ಟಿದ್ದರು. ಹರದೇಶಿ ಮೇಳದವರು ಗಂಡು ಹೆಚ್ಚು ಎಂದು ಹಾಡಬೇಕು, ನಾಗೇಶಿ ಮೇಳದವರು ಹೆಣ್ಣು ಹೆಚ್ಚು ಎಂದು ಹಾಡಬೇಕು. ಉತ್ತರ ಕೊಡಲಾಗದವರು ಸೋತ ಹಾಗೆ. ಊರಿನ ಹರದೇಶಿ ಪರಸಪ್ಪ. ಎದುರಿಗೆ ಯರಗಟ್ಟಿಯಿಂದ ಬಂದ ಲಗಮವ್ವ. ಗಂಡ ಸತ್ತ ಮೇಲೆ ಸ್ವತಃ ಚಕ್ಕಡಿ ಹೂಡಿ ಹೊಲ ಮಾಡಿದ ಹೆಂಗಸು.

ಪರಸಪ್ಪ ತನ್ನ ಮೂವತ್ತು ಚೀಲದ ಹಾಡು ತೆಗೆದ. ಅವನು ಮುಗಿಸುವವರೆಗೆ ಲಗಮವ್ವ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದಳು. ಆಮೇಲೆ ಎದ್ದು ಹಾಡನ್ನೂ ಹಾಡದೆ ನೇರ ಕೇಳಿದಳು.

"ಚೀಲ ಎಷ್ಟರ ಇರಲಿ, ಅದರ ಗೊಡವಿ ನನಗ ಬ್ಯಾಡ. ಗಂಡಸು ಒಂದು ಕಡೆ ಅಚ್ಚಿಗೆ ಬೆನ್ನ ಕೊಟ್ಟ. ಆ ಕಡೆ ಗಾಲಿ ಒಳಗ ಕೂಡಬೇಕಲ್ಲ? ಅದನ್ನ ಎತ್ತಿದವರ ಯಾರು?"

ತ್ರ್ಯಂಬಕ ಮಾಸ್ತರರು ಎದ್ದು ನಿಂತುಬಿಟ್ಟರು. "ಖರೇ ಮಾತು. ಇಷ್ಟು ವರ್ಷ ನಾ ಬರೇ ಭಾರ ನೋಡಿದೆ, ಗಾಲಿ ನೋಡಲಿಲ್ಲ," ಅಂದರು.

ಪರಸಪ್ಪ ದೇವರ ವರ ಅಂದ, ಎತ್ತಿನ ಪುಣ್ಯ ಅಂದ. ಯಾವುದೂ ಹತ್ತಲಿಲ್ಲ. ಆಗ ಮುಂದಿನ ಸಾಲಿನ ಕಂಬಳಿಯ ಮೇಲಿಂದ ಶಟ್ಟೆಪ್ಪ ಕೋಲೂರಿ ಎದ್ದ.

"ಆ ಕಡೆ ಗಾಲಿಗೆ ನನ್ನ ಹೇಂತಿ ಇದ್ಲು," ಅಂದ. "ದಂಡಿ ಮ್ಯಾಲ ನಿಂತಾಕಿನ ನಾನ ಬಾ ಅಂತ ಕರದ್ನಿ. ಅಕಿಗೆ ಐದ ತಿಂಗಳಾಗಿತ್ತು. ಅವತ್ತ ಸಂಜಿಕ ಕೂಸು ಹೋತು. ಗಂಡಿತ್ತು. ಅಕಿ ಬಂಜಿ ಅಲ್ಲ. ನಾ ಹೂಂ ಅಂದಿದ್ದ ಸುಳ್ಳು."

ಮೂವತ್ತು ವರ್ಷ ಹೊತ್ತದ್ದನ್ನು ಇಳಿಸಿದ ಮೇಲೆ ಮೈ ಹಗುರಾಗುತ್ತದೆ ಎಂದು ಅವನು ತಿಳಿದಿದ್ದ. ಹಿಂದಿನಿಂದ ಯಾರೋ, "ಹೇಂತಿ ಸತ್ತಾಗಿಂದ ಮುದುಕನ ತಲಿ ನೆಟ್ಟಗಿಲ್ಲ," ಅಂದರು. ನಾಗೇಶಿಯವರು ಗೆದ್ದೆವೆಂದು ಡಪ್ಪು ಬಡಿದರು. ಊರಿನ ಮೇಳವನ್ನು ಪರ ಊರವರ ಮುಂದೆ ಸೋಲಿಸಿದ ಎಂದು ಪರಸಪ್ಪ ಅವನ ಮುಖ ನೋಡುವುದನ್ನೇ ಬಿಟ್ಟ. ಖುಷಿಯಾದವರು ಮಾಸ್ತರರು ಮಾತ್ರ. ಓಡಿ ಬಂದು ಅವನ ಕೈ ಹಿಡಿದುಕೊಂಡು, "ಎರಡು ಹೆಗಲಿಗೆ ಎಂಟು ಚೀಲ. ಈಗ ಹೊಂದ್ತದ ನೋಡ್ರಿ ಲೆಕ್ಕ," ಅಂದರು. ಕೂಸಿನ ಮಾತು ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ. ಲೆಕ್ಕದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮರುವರ್ಷ ಹೋಳಿಗೆ ಲಗಮವ್ವ ಹೊಸ ಹಾಡು ಕಟ್ಟಿಕೊಂಡು ಬಂದಳು. ರಾಯವ್ವನ ಹಾಡು. ಶಟ್ಟೆಪ್ಪ ಸೆಟೆದು ಕೂತು ಕಿವಿಗೊಟ್ಟ. ಹಾಡಿನಲ್ಲಿ ರಾಯವ್ವ ಸಿರಸಂಗಿಯ ಕಾಳವ್ವನ ವರ ಪಡೆದವಳು. ಗಂಡ ಸೋತು ರಾಡಿಯಲ್ಲಿ ಬಿದ್ದಿದ್ದಾನೆ, ಅವಳು ಕಿರುಬೆರಳಿನಿಂದ ನಾಲ್ವತ್ತು ಚೀಲದ ಚಕ್ಕಡಿ ಎತ್ತುತ್ತಾಳೆ. ಎತ್ತಿದ ಗಳಿಗೆಗೆ ದಂಡೆಯ ಮೇಲೆ ಮಗ ಹುಟ್ಟುತ್ತಾನೆ. ಹುಟ್ಟಿದವನೇ ನೊಗಕ್ಕೆ ಕೈ ಹಾಕುತ್ತಾನೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ, ತಲೆದೂಗಿ ಕೇಳಿದರು.

ಹಾಡಿಕೆ ಮುಗಿದ ಮೇಲೆ ಶಟ್ಟೆಪ್ಪ ಅವಳ ಹತ್ತಿರ ಹೋದ. "ಯವ್ವಾ, ಕೂಸು ಸತ್ತಿತ್ತು. ನಾ ಹೇಳಿದ್ನಲ್ಲ."

ಲಗಮವ್ವ ಕೆಟ್ಟವಳಲ್ಲ. ಅವನನ್ನು ಕೂರಿಸಿ ನೀರು ಕೊಟ್ಟಳು. "ಸತ್ತ ಕೂಸಿನ ಹಾಡ ಯಾರು ಕೇಳತಾರ, ಯಪ್ಪಾ? ನಿನ್ನ ಹೇಂತಿ ಹೆಸರ ಉಳೀತಲ್ಲ, ಅಷ್ಟ ಸಾಕನ್ನು."

ಆ ಬೇಸಿಗೆ ರಾಮದುರ್ಗದ ಕಡೆಯ ಗಾಡಿಯವರು ಊರಲ್ಲಿ ಎತ್ತಿಗೆ ನೀರು ತೋರಿಸಲು ನಿಂತರು. ಕಟ್ಟೆಯ ಮೇಲೆ ವಾದ ನಡೆದಿತ್ತು. ಈಗ ರಾಯವ್ವನ ಕಿರುಬೆರಳಿನದು. ಗಾಡಿಯವರಲ್ಲಿ ಒಬ್ಬ ಶಟ್ಟೆಪ್ಪನ ಮುಂದೆ ಬಂದು ಕೈಮುಗಿದ.

"ಯಜಮಾನ್ರ, ಆ ರಾಯವ್ವನ ಗಂಡ ನೀವ ಅಂತಲ್ಲರಿ?"

"ಹೂಂ."

"ನಿಮ್ಮ ಮಗ ಈಗ ಎಲ್ಲಿರ್ತಾನ್ರಿ?"

ಊರವರಿಗೆಲ್ಲ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಶಟ್ಟೆಪ್ಪ ಅವರ ಮುಖಗಳನ್ನು ಒಂದೊಂದಾಗಿ ನೋಡಿ ಹೇಳಿದ: "ಹೊಳಿ ದಂಡ್ಯಾಗ, ಜಾಲಿ ಗಿಡದ ಬುಡಕ ಮಲಗ್ಯಾನ."

ಗಾಡಿಯವನು ನಕ್ಕ. "ಅಂಥಾ ತಾಯಿ ಮಗ, ಮಲಗಿದ್ರೂ ನಡೀತೈತಿ ಬಿಡ್ರಿ. ಎದ್ದು ನಿಂತ್ರ ಎಷ್ಟು ಚೀಲ ಎತ್ತತಾನ?"

"ಅವ್ವನಕಿಂತ ಹತ್ತ ಹೆಚ್ಚ ಹಿಡೀರಿ," ಅಂದ ಪರಸಪ್ಪ.

"ಐವತ್ತೇ? ಅಚ್ಚು ಮುರೀತದ," ಅಂದರು ಮಾಸ್ತರರು, ಇದ್ದಿಲು ಹುಡುಕುತ್ತ.

ಶಟ್ಟೆಪ್ಪ ಏಳಲು ಗೋಡೆಗೆ ಕೈ ಚಾಚಿದ. ಕೈ ಜಾರಿತು, ಮತ್ತೆ ಚಾಚಿದ. ಐವತ್ತು ಚೀಲದ ಗದ್ದಲದಲ್ಲಿ ಅವನಿಗೊಂದು ಕೈ ಕೊಡಲು ಯಾರಿಗೂ ಪುರುಸೊತ್ತಿರಲಿಲ್ಲ.